ಲಕ್ಕುಂಡಿಗೆ ಬಂದವರು ಗದಗದಾಗ ಯಾಕ ಉಳಿಯಂಗಿಲ್ಲ?

ಹುಬ್ಬಳ್ಳಿ ಕಡೆಯಿಂದ ಹಂಪಿಗೆ ಹೊರಟ ಕಾರು ಗದಗ ದಾಟಿ ಹನ್ನೆರಡು ಕಿಲೋಮೀಟರು ಹೋದ ಮೇಲೆ ಲಕ್ಕುಂಡಿಯಲ್ಲಿ ನಿಲ್ಲುತ್ತದೆ. ಕಾಶಿ ವಿಶ್ವನಾಥ ಗುಡಿ, ಹತ್ತಿರದ ನನ್ನೇಶ್ವರ, ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ತಾಳ್ಮೆ ಇದ್ದರೆ ಮುಸುಕಿನ ಬಾವಿ. ಎಲ್ಲ ಸೇರಿ ಮುಕ್ಕಾಲು ಗಂಟೆ. ಮತ್ತೆ ಹೆದ್ದಾರಿ. ಊಟ ಕೊಪ್ಪಳದಲ್ಲೋ ಹೊಸಪೇಟೆಯಲ್ಲೋ, ರಾತ್ರಿ ಹಂಪಿಯ ಆಸುಪಾಸು. ಗದಗ ಜಿಲ್ಲೆಗೆ ದಕ್ಕಿದ್ದು ಎರಡು ಬಾಟಲಿ ನೀರಿನ ದುಡ್ಡು, ಜೊತೆಗೆ ಖಾಲಿಯಾದ ಆ ಎರಡು ಬಾಟಲಿ.

ನಮ್ಮಲ್ಲಿ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಎಷ್ಟು ಜನ ಬಂದರು? ಊರಿನ ಗಳಿಕೆಗೆ ಬೇಕಾದ ಲೆಕ್ಕ ಬೇರೆ. ಬಂದವರು ಎಷ್ಟು ಹೊತ್ತು ಇದ್ದರು, ರಾತ್ರಿ ಉಳಿದರೋ ಇಲ್ಲವೋ?

ಒಂದು ಅಂದಾಜು ಹಾಕೋಣ. ಕಾರಿನಲ್ಲಿ ನಾಲ್ವರು. ಮುಕ್ಕಾಲು ಗಂಟೆಯ ಭೇಟಿಗೆ ಚಹಾ, ನೀರು, ಎಳನೀರು ಅಂತ ಇನ್ನೂರು ರೂಪಾಯಿ ಖರ್ಚು. ಅರ್ಧ ದಿನ ಇದ್ದರೆ ಖಾನಾವಳಿಯಲ್ಲಿ ಊಟ, ಒಬ್ಬ ಮಾರ್ಗದರ್ಶಿ, ಸಣ್ಣಪುಟ್ಟ ಖರೀದಿ, ಒಟ್ಟು ಸಾವಿರದ ಮೇಲೆ ಸ್ವಲ್ಪ. ಒಂದು ರಾತ್ರಿ ಉಳಿದರೆ ಎರಡು ಕೊಠಡಿಗೆ ಮೂರು ಸಾವಿರ, ಎರಡು ಹೊತ್ತಿನ ಊಟ, ಮುಂಜಾನೆಯ ನಾಷ್ಟಾ, ಊರೊಳಗೆ ಆಟೋ, ಗದಗದ ಜೋಡಿ ಊರು ಬೆಟಗೇರಿಯಲ್ಲಿ ಒಂದು ಸೀರೆ ಕೊಂಡರಂತೂ ಏಳೆಂಟು ಸಾವಿರ. ಹೊಸದಾಗಿ ಒಬ್ಬ ಪ್ರವಾಸಿಯನ್ನೂ ಕರೆತರದೆ ಗಳಿಕೆ ಮೂವತ್ತೈದು ನಲವತ್ತು ಪಟ್ಟಾಗುತ್ತದೆ. ಆ ರಾತ್ರಿಯ ದುಡ್ಡು ಲಾಡ್ಜಿನ ಮಾಲೀಕನ ಹತ್ತಿರವೇ ಕೂರುವುದಿಲ್ಲ. ಹಾಸಿಗೆ ಬಟ್ಟೆ ಒಗೆಯುವವರಿಗೆ, ಹಾಲಿನವರಿಗೆ, ರೊಟ್ಟಿ ಬಡಿಯುವವರಿಗೆ, ಕಾಯಿಪಲ್ಯೆ ಮಾರುವವರಿಗೆ ಒಂದೇ ದಿನದಲ್ಲಿ ಹಂಚಿಹೋಗುತ್ತದೆ.

ಗದಗ-ಬೆಟಗೇರಿಯ ಜನಸಂಖ್ಯೆ 2011ರ ಜನಗಣತಿಯಲ್ಲಿ 1.72 ಲಕ್ಷ. ರೈಲ್ವೆ ಜಂಕ್ಷನ್ ಇದೆ, ಎಪಿಎಂಸಿ ಇದೆ, 1997ರಿಂದ ಜಿಲ್ಲಾ ಕೇಂದ್ರ. ಹತ್ತಿ, ಶೇಂಗಾ, ಹೆಸರು, ಉಳ್ಳಾಗಡ್ಡಿಯ ವಹಿವಾಟು ಮೊದಲಿನಿಂದಲೂ ಇದೆ. ಹೀಗಾಗಿ ಇಲ್ಲಿ ಲಾಡ್ಜುಗಳಿವೆ. ಅವು ನಡೆಯುವುದು ವ್ಯಾಪಾರಿಗಳಿಂದ, ಲಗ್ನದ ಬೀಗರಿಂದ, ಕೋರ್ಟಿನ ತಾರೀಖಿಗೆ ಬಂದವರಿಂದ, ಆಸ್ಪತ್ರೆಗೆ ಬಂದ ರೋಗಿಯ ಸಂಬಂಧಿಕರಿಂದ. ಇವರಾರೂ ಮೊಬೈಲಿನಲ್ಲಿ ಬಚ್ಚಲುಮನೆಯ ಫೋಟೋ ನೋಡಿ ಕೊಠಡಿ ಹಿಡಿಯುವವರಲ್ಲ. ಹೆಂಡತಿ ಮಕ್ಕಳೊಂದಿಗೆ ಬರುವ ಪ್ರವಾಸಿ ಮೊದಲು ನೋಡುವುದು ಅದನ್ನೇ. ಲಾಡ್ಜಿನವರಿಗೆ ಪ್ರವಾಸಿಯ ಹಂಗಿಲ್ಲ, ಪ್ರವಾಸಿಗೆ ಲಾಡ್ಜಿನ ಮೇಲೆ ಭರವಸೆ ಇಲ್ಲ.

ಲಗ್ನಸರಾಯಿಯ ತೊಡಕು ಇನ್ನೊಂದು. ಪ್ರವಾಸಕ್ಕೆ ಹವೆ ಚೆನ್ನಾಗಿರುವ ನವೆಂಬರ್‌ನಿಂದ ಫೆಬ್ರವರಿಯೊಳಗೇ ಎಷ್ಟೋ ಮುಹೂರ್ತಗಳು ಬಂದುಬಿಡುತ್ತವೆ. ಅವತ್ತು ಊರಲ್ಲಿ ಒಂದು ಕೊಠಡಿಯೂ ಸಿಗದು. ಮುಹೂರ್ತದ ದಿನಗಳು ಪಂಚಾಂಗದಲ್ಲಿ ತಿಂಗಳುಗಟ್ಟಲೆ ಮೊದಲೇ ಅಚ್ಚಾಗಿರುತ್ತವೆ. ಇಪ್ಪತ್ತು ಕೊಠಡಿಯ ಲಾಡ್ಜು ಆ ದಿನಗಳಲ್ಲಿ ಮೂರನ್ನು ಆನ್‌ಲೈನ್ ಬುಕಿಂಗಿಗೆ ಅಂತ ತೆಗೆದಿಟ್ಟು, ಹಿಂದಿನ ಸಂಜೆ ಆರರವರೆಗೆ ಯಾರೂ ಹಿಡಿಯದಿದ್ದರೆ ಬೀಗರಿಗೆ ಕೊಟ್ಟರೆ ನಷ್ಟವೇನೂ ಇಲ್ಲ.

ಕೊಠಡಿಗಿಂತ ದೊಡ್ಡ ಪ್ರಶ್ನೆ ನೀರು. ಈ ಊರಿಗೆ ಕುಡಿಯುವ ನೀರು ಬರುವುದು ತುಂಗಭದ್ರೆಯಿಂದ. ನಳದ ನೀರು ದಿನಾ ಬರುವುದಿಲ್ಲ ಅಂತಲೇ ಇಲ್ಲಿನ ಪ್ರತಿ ಮನೆಗೂ ತೊಟ್ಟಿ, ಬ್ಯಾರಲ್ಲು, ನೆಲದೊಳಗಿನ ಟಾಕಿ. ಮನೆಯವರಿಗೆ ರೂಢಿಯಾಗಿದೆ, ಹೋಟೆಲು ಕಟ್ಟುವವನಿಗೆ ಇದೇ ಲೆಕ್ಕ ತಪ್ಪಿಸುತ್ತದೆ. ಸಾಧಾರಣ ಹೋಟೆಲಿಗೆ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ನೀರು ಅಂತ ಭಾರತೀಯ ಮಾನಕದ ಲೆಕ್ಕ. ಇಪ್ಪತ್ತು ಕೊಠಡಿ, ಕೊಠಡಿಗಿಬ್ಬರು ಅಂದರೆ ತುಂಬಿದ ದಿನ 7,200 ಲೀಟರ್. ಎಂಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಅಂತ ಇಟ್ಟುಕೊಂಡರೆ 57,600 ಲೀಟರ್ ಹಿಡಿದಿಡಬೇಕು. ಅದಕ್ಕೆ ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಎರಡೂವರೆ ಮೀಟರ್ ಆಳದ ಸಂಪು ಬೇಕು. ಕಟ್ಟಡದ ನಕ್ಷೆಯಲ್ಲಿ ಇದನ್ನು ಮೊದಲೇ ಹಿಡಿಯದವನು ಮುಂದೆ ಟ್ಯಾಂಕರಿನವನ ಕೈಗೆ ಸಿಗುತ್ತಾನೆ. ಟ್ಯಾಂಕರಿನ ದರ ಬೇಸಿಗೆಯಲ್ಲಿ ಯಾವ ಕಡೆಗೆ ಹೋಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಬೋರಿನ ನೀರು ಇದೆಯಲ್ಲ ಅನ್ನಬಹುದು. ಈ ಭಾಗದ ಬೋರಿನ ನೀರು ಗಡಸು, ಎಷ್ಟೋ ಕಡೆ ಫ್ಲೋರೈಡ್ ಕೂಡ ಹೆಚ್ಚು. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಪದರ ದಪ್ಪವಾದಷ್ಟೂ ನೀರು ಕಾಯುವುದು ತಡ, ಕರೆಂಟು ಬಿಲ್ಲು ಜಾಸ್ತಿ, ಕೊನೆಗೆ ಕಾಯಿಲ್ ಸುಟ್ಟುಹೋಗುತ್ತದೆ. ಸೋಲಾರ್ ಕೊಳವೆಗಳಿಗೂ ಅದೇ ಗತಿ. ‘ಬಿಸಿನೀರು ಬರಲಿಲ್ಲ’ ಅಂತ ಅತಿಥಿ ಆನ್‌ಲೈನಿನಲ್ಲಿ ಬರೆದ ಒಂದು ಸಾಲಿನ ಹಿಂದೆ ಬಹುತೇಕ ಇದೇ ಇರುತ್ತದೆ. ಕಟ್ಟುವಾಗಲೇ ಎರಡು ಪೈಪ್‌ಲೈನ್ ಎಳೆದು ಸಂಡಾಸಿಗೂ ನೆಲ ತೊಳೆಯಲಿಕ್ಕೂ ಬೋರಿನ ನೀರು, ಸ್ನಾನಕ್ಕೂ ಅಡಿಗೆಗೂ ಹೊಳೆಯ ನೀರು ಕೊಟ್ಟರೆ ಸಂಪಿನ ಅಳತೆಯೂ ಇಳಿಯುತ್ತದೆ. ಹಳೆಯ ಫ್ಲಶ್ ಟ್ಯಾಂಕು ಒಮ್ಮೆಗೆ ಹತ್ತು ಲೀಟರ್‌ಗೂ ಮೇಲೆ ಸುರಿಯುತ್ತದೆ, ಎರಡು ಬಟನ್ನಿನದಕ್ಕೆ ಮೂರು ಅಥವಾ ಆರು ಲೀಟರ್ ಸಾಕು. ನಿಮಿಷಕ್ಕೆ ಹತ್ತು ಲೀಟರಿನ ಶವರಿನಡಿ ಎಂಟು ನಿಮಿಷ ನಿಂತರೆ 80 ಲೀಟರ್, ಇಪ್ಪತ್ತು ಲೀಟರಿನ ಎರಡು ಬಕೆಟಿಗೆ 40. ಶವರು ತೆಗೆದುಹಾಕಬೇಕಾಗಿಲ್ಲ, ಕಡಿಮೆ ನೀರಿನ ಶವರು ಹಾಕಿ, ಪಕ್ಕದಲ್ಲಿ ಶುಭ್ರವಾದ ಬಕೆಟು ಮತ್ತು ಚೊಂಬು ಇಡಬೇಕು. ನಮ್ಮ ಕಡೆಯ ಮುಕ್ಕಾಲು ಪಾಲು ಜನ ಬಕೆಟನ್ನೇ ಹಿಡಿಯುತ್ತಾರೆ.

ಇನ್ನು ಲಕ್ಕುಂಡಿಯೊಳಗಿನ ಸಮಸ್ಯೆ. ಅಲ್ಲೇ ಯಾಕೆ ಹೋಟೆಲು, ಅಂಗಡಿ ಸಾಲು ಕಟ್ಟುವುದಿಲ್ಲ ಅಂತ ಕೇಳುವವರು ಕಾನೂನನ್ನು ಒಮ್ಮೆ ನೋಡಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯ ಪ್ರಕಾರ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದ ಮುಂದಿನ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಒಂದೇ ಸ್ಮಾರಕವಿರುವ ಊರಲ್ಲಿ ಇದು ತೊಂದರೆಯಲ್ಲ. ಲಕ್ಕುಂಡಿಯಲ್ಲಿ ಗುಡಿಗಳು ಓಣಿ ಓಣಿಯಲ್ಲಿ ಮನೆಗಳ ನಡುವೆ ಹರಡಿವೆ. ನೂರೊಂದು ಗುಡಿ, ನೂರೊಂದು ಬಾವಿ ಅನ್ನುವ ಮಾತೇ ಇದೆ. ಒಂದು ಗುಡಿಯ ನೂರು ಮೀಟರ್ ಮುಗಿಯುವಲ್ಲಿ ಇನ್ನೊಂದರದು ಶುರುವಾದರೆ ಹಳೆಯ ಮನೆಯವರು ಮಾಳಿಗೆ ಮೇಲೆ ಇನ್ನೊಂದು ಕೋಣೆ ಏರಿಸುವಂತಿಲ್ಲ. ಗುಡಿ ನೋಡಲು ಬಂದವರಿಂದ ಏನೂ ಸಿಗದೆ, ಗುಡಿಯಿಂದಾಗಿ ಮನೆಯನ್ನೂ ಕಟ್ಟಲಾಗದೆ ಕೂತ ಮನೆಯವರ ಸಿಟ್ಟು ಸುಳ್ಳಲ್ಲ.

ಆದರೆ ಇದ್ದ ಮನೆಯನ್ನು ಅನುಮತಿ ಪಡೆದು ರಿಪೇರಿ ಮಾಡಿಸಬಹುದು. ಇಲ್ಲಿನ ಹಳೆಯ ಮಾಳಿಗೆ ಮನೆಗಳು ದಪ್ಪ ಗೋಡೆಯವು, ಮೇಲೆ ಮಣ್ಣಿನ ಹೊದಿಕೆ, ಏಪ್ರಿಲ್ ಬಿಸಿಲಲ್ಲೂ ಒಳಗೆ ತಂಪು. ಹೋಂಸ್ಟೇಗೆ ಇದಕ್ಕಿಂತ ಒಳ್ಳೆಯ ಕೋಣೆ ಇಲ್ಲ. ಮಳೆಗಾಲಕ್ಕೆ ಮೊದಲು ಪ್ರತಿವರ್ಷ ಮಾಳಿಗೆಗೆ ಸವಳು ಮಣ್ಣು ಹಾಕಿ ತುಳಿದು ಗಟ್ಟಿ ಮಾಡಬೇಕು. ಸವಳು ಮಣ್ಣು ನೀರು ಬಿದ್ದೊಡನೆ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸೋರುವುದಿಲ್ಲ. ಒಂದು ವರ್ಷ ತಪ್ಪಿದರೆ ಹುಲ್ಲು ಬೇರು ಬಿಟ್ಟು ತೊಲೆಗೆ ನೀರು ಇಳಿಯುತ್ತದೆ. ಆಮೇಲೆ ಬೇಸತ್ತ ಮನೆಯವರು ಎಲ್ಲ ಕೆಡವಿ ಸ್ಲ್ಯಾಬು ಹಾಕಿಸುತ್ತಾರೆ, ಕೋಣೆ ಕಾಯುತ್ತದೆ, ಎಸಿ ಬೇಕಾಗುತ್ತದೆ. ಹೊಸದಾಗಿ ಬೇಕಾಗುವುದು ಇದ್ದ ಮನೆಯೊಳಗೇ ಚೊಕ್ಕ ಬಚ್ಚಲು, ಸಂಡಾಸು, ಸೊಳ್ಳೆ ಪರದೆ, ಒಳಗಿನಿಂದ ಚಿಲಕ ಬೀಳುವ ಬಾಗಿಲು. ಮನೆಯವರು ಅದೇ ಮನೆಯಲ್ಲಿ ವಾಸವಿದ್ದು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ತುಂಬಬೇಕು. ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ, ಗೊತ್ತಾಗುವುದು ಪೊಲೀಸರು ಕೇಳಿದಾಗ.

ಮುಕ್ಕಾಲು ಗಂಟೆಯಲ್ಲಿ ಜನ ಯಾಕೆ ಹೊರಡುತ್ತಾರೆ? ಅರ್ಧ ಉತ್ತರ ಕಾಲಡಿಯಲ್ಲಿದೆ. ಚಪ್ಪಲಿ ಬಿಟ್ಟು ಹನ್ನೆರಡರ ಬಿಸಿಲಲ್ಲಿ ಕಲ್ಲಿನ ಮೇಲೆ ನಡೆದವರು ಗುಡಿಯ ಹೊರಗೋಡೆಯನ್ನು ಸುತ್ತಿ ನೋಡುವುದಿಲ್ಲ, ಓಡುತ್ತಾರೆ. ನಾರಿನ ಚಾಪೆಯ ಉದ್ದನೆಯ ಪಟ್ಟಿಯನ್ನು ಹಾಸಿ ಎರಡು ಗಂಟೆಗೊಮ್ಮೆ ನೀರು ಚಿಮುಕಿಸಿದರೆ ಸಾಕು. ಚಾಪೆ ಎತ್ತಿಡಬಹುದಾದದ್ದು, ಸ್ಮಾರಕಕ್ಕೆ ಗಾಯವಿಲ್ಲ, ಆದರೂ ಪುರಾತತ್ವ ಇಲಾಖೆಯವರನ್ನು ಕೇಳಿಯೇ ಹಾಸಬೇಕು. ಇನ್ನರ್ಧ ಉತ್ತರ, ಏನು ನೋಡಬೇಕು ಅಂತ ಹೇಳುವವರಿಲ್ಲ. ಕಾಶಿ ವಿಶ್ವನಾಥದಲ್ಲಿ ಎರಡು ಗರ್ಭಗುಡಿ ಎದುರುಬದುರು: ಶಿವನದು ಪೂರ್ವಕ್ಕೆ, ಸೂರ್ಯನದು ಪಶ್ಚಿಮಕ್ಕೆ. ಬೆಳಗಿನ ಬಿಸಿಲು ಒಂದರ ಮುಖಕ್ಕೆ, ಸಂಜೆಯದು ಇನ್ನೊಂದರ ಮುಖಕ್ಕೆ. ಬಾಗಿಲುವಾಡದ ಪಟ್ಟಿ ಪಟ್ಟಿ ಕೆತ್ತನೆ ಓರೆ ಬೆಳಕಿನಲ್ಲಿ ಮಾತ್ರ ಎದ್ದು ಕಾಣುತ್ತದೆ, ನೆತ್ತಿಯ ಬಿಸಿಲಿನಲ್ಲಿ ಎಲ್ಲ ಚಪ್ಪಟೆ. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು ಗಾಳಿಗೆ ಬರಬರುತ್ತ ಗಟ್ಟಿಯಾಗುತ್ತದೆ. ಅದಕ್ಕೇ ಕಂಬಗಳನ್ನು ತಿರುಗಣಿಗೆ ಹಾಕಿ ಬಳೆ ಬಳೆಯಾಗಿ ಕಡೆಯಲು ಬಂತು. ಇಷ್ಟು ಹೇಳುವ ಒಬ್ಬ ಮಾರ್ಗದರ್ಶಿ ಇದ್ದರೆ ಜನ ಎರಡು ಗಂಟೆ ನಿಲ್ಲುತ್ತಾರೆ. ‘ಸಂಜಿಕ ಇನ್ನೊಮ್ಮೆ ಬರ್ರಿ, ಸೂರ್ಯನ ಗುಡಿ ಅವಾಗ ನೋಡಬೇಕ್ರಿ’ ಅಂತ ಅವನು ಹೇಳಿದರೆ ಅವರ ಸಂಜೆ ಇಲ್ಲೇ ಆಯಿತು, ಹೊಸಪೇಟೆಯ ಕೊಠಡಿ ತಪ್ಪಿತು.

ಸುತ್ತಮುತ್ತ ನೋಡಲಿಕ್ಕೆ ಒಂದೂವರೆ ದಿನಕ್ಕೆ ಬೇಕಾದಷ್ಟಿದೆ. ಮಧ್ಯಾಹ್ನದ ರೈಲಿಗೆ ಗದಗ ಸೇರಿದರೆ ಸಂಜೆ ತ್ರಿಕೂಟೇಶ್ವರ. ಒಂದೇ ಪೀಠದ ಮೇಲೆ ಮೂರು ಲಿಂಗ, ಅದೇ ಆವರಣದಲ್ಲಿ ಸರಸ್ವತಿ ಗುಡಿ, ಅದರ ಕಂಬಗಳ ಕುಸುರಿ ನೋಡಲಿಕ್ಕೇ ಅರ್ಧ ಗಂಟೆ ಬೇಕು. ಆಮೇಲೆ ಕುಮಾರವ್ಯಾಸ ಭಾರತ ಬರೆದನೆಂದು ಹೇಳುವ ವೀರನಾರಾಯಣ ಗುಡಿ. ಚಳಿಗಾಲವಾದರೆ ಮಾರನೇ ದಿನ ನಸುಕಿಗೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿರುತ್ತವೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹತ್ತರೊಳಗೆ ವಾಪಸು, ನಾಷ್ಟಾ, ಡಂಬಳದ ದೊಡ್ಡಬಸಪ್ಪ ಗುಡಿ. ಅದರ ತಳವಿನ್ಯಾಸ 24 ಕೋನದ ನಕ್ಷತ್ರ, ಮಕ್ಕಳಿಗೆ ಸುತ್ತಿಸಿ ಎಣಿಸಲು ಹೇಳಬೇಕು. ಬಿಸಿಲು ಇಳಿದ ಮೇಲೆ ಲಕ್ಕುಂಡಿ. ಮಳೆ ಬಿದ್ದು ಹಸಿರಾದಾಗ ಬಂದವರಿಗೆ ಮಾಗಡಿಯ ಬದಲು ಕಪ್ಪತಗುಡ್ಡ. ಸಮಯ ಉಳಿದರೆ 1112ರ ಇಟಗಿಯ ಮಹಾದೇವ ಗುಡಿ, ಅದು ಕೊಪ್ಪಳ ಜಿಲ್ಲೆ. ಪ್ರವಾಸಿಗೆ ಜಿಲ್ಲೆಯ ಗಡಿ ಕಾಣುವುದಿಲ್ಲ, ಜಿಲ್ಲೆಯ ಕೈಪಿಡಿಗಳಿಗೆ ಮಾತ್ರ ಅದು ಬಹಳ ದಪ್ಪಗೆ ಕಾಣುತ್ತದೆ.

ಊಟದ ಮಾತಿಗೆ ಬಂದರೆ, ಜೋಳದ ರೊಟ್ಟಿ ಹೆಸರಿಗಷ್ಟೇ ಇದ್ದರೆ ಸಾಲದು, ಬಿಸಿಯಾಗಿ ಸಿಗಬೇಕು. ಇಪ್ಪತ್ತು ಅತಿಥಿಗಳಿಗೆ ತಲಾ ಎರಡರಂತೆ ನಲವತ್ತು, ಸ್ವಲ್ಪ ಹೆಚ್ಚೇ ಲೆಕ್ಕ ಹಿಡಿದರೆ ಐವತ್ತು ರೊಟ್ಟಿ. ಕಿಲೋ ಹಿಟ್ಟಿಗೆ ಹತ್ತು ಹನ್ನೆರಡು ಬರುತ್ತವೆ, ನಾಲ್ಕೈದು ಕಿಲೋ ಹಿಟ್ಟು ಬೇಕು. ಪಳಗಿದ ಕೈಯೊಂದು ಎರಡು ನಿಮಿಷಕ್ಕೊಂದು ಬಡಿದರೂ ಐವತ್ತಕ್ಕೆ ನೂರು ನಿಮಿಷ, ಹಾಗಾಗಿ ಇಬ್ಬರಿರಬೇಕು. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ಬಡಿಯುವಾಗ ಅಂಚು ಸೀಳುತ್ತದೆ. ಕುದಿಯುವ ಎಸರು ಹಾಕಿ ನಾದಿದರೆ ಸ್ವಲ್ಪ ಸುಧಾರಿಸುತ್ತದೆ, ಆದರೆ ವಾರಕ್ಕೊಮ್ಮೆ ಗಿರಣಿಗೆ ಹೋಗುವುದೇ ಸರಿಯಾದ ದಾರಿ. ಹೊರಡುವಾಗ ಕಟ್ಟಿಕೊಡಲು ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಇದನ್ನು ಮಾರುವ ಮಹಿಳಾ ಸಂಘಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ ಇರದಿದ್ದರೆ ಬೆಂಗಳೂರಿನವರು ಮುಟ್ಟುವುದಿಲ್ಲ.

ರಾತ್ರಿ ಉಳಿಸುವುದು ಸಂಜೆ ಏಳರ ನಂತರದ ಎರಡು ತಾಸು. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ಈ ಸೀಮೆಯಲ್ಲಿ. ಪಂಚಾಕ್ಷರ ಗವಾಯಿಗಳು, 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ನಾಡಿನ ತುಂಬ ಹಾಡುತ್ತಿದ್ದಾರೆ. ಇಂಥ ಊರಿನಲ್ಲಿ ಶನಿವಾರ ಸಂಜೆ ಹಾಡು ಎಲ್ಲಿ ಕೇಳಬಹುದು ಅಂತ ಹೊರಗಿನವರಿಗೆ ಗೊತ್ತಾಗುವಂತಿರಬೇಕು. ಆಶ್ರಮವನ್ನು ತೋರಿಕೆಯ ವಸ್ತು ಮಾಡಿ ಅನ್ನುತ್ತಿಲ್ಲ, ಅದು ಕಲಿಕೆಯ ಜಾಗ, ಹಾಗೇ ಇರಲಿ. ಊರೊಳಗಿನ ಒಂದು ಸಣ್ಣ ಸಭಾಭವನ, ಎಂಬತ್ತು ಕುರ್ಚಿ, ಏಳರಿಂದ ಎಂಟೂವರೆ, ಇಬ್ಬರು ಕಲಾವಿದರು, ನೂರು ರೂಪಾಯಿ ಟಿಕೆಟು. ಮಳೆಗಾಲ ಬಿಟ್ಟು ವರ್ಷಕ್ಕೆ ಮೂವತ್ತು ಶನಿವಾರ, ಒಂದೂ ತಪ್ಪದಂತೆ. ಎರಡು ಸಲ ರದ್ದಾದರೆ ಮೂರನೇ ಸಲ ಯಾರೂ ಬರುವುದಿಲ್ಲ, ಇಂಥವು ಸಾಯುವುದು ಬಹುಮಟ್ಟಿಗೆ ಹೀಗೆಯೇ. ವರ್ಷಕ್ಕೊಮ್ಮೆ ದೊಡ್ಡ ಉತ್ಸವ ಮಾಡುವುದು ಸುಲಭ: ಪೆಂಡಾಲು, ದೀಪ, ಸಿನಿಮಾ ಗಾಯಕರು. ಅದರ ಖರ್ಚಿನ ದೊಡ್ಡ ಪಾಲು ಊರ ಹೊರಗಿನವರಿಗೆ ಹೋಗುತ್ತದೆ, ಮೂರನೇ ದಿನಕ್ಕೆ ಕಂಬ ಕಿತ್ತ ಕುಣಿಗಳು ಉಳಿಯುತ್ತವೆ.

ನಗರಸಭೆಗೆ ಇದರಲ್ಲಿ ಏನು ಸಿಗುತ್ತದೆ ಅನ್ನುವುದನ್ನು ಯಾರೂ ಜೋರಾಗಿ ಕೇಳುವುದಿಲ್ಲ. ಕೊಠಡಿ ಬಾಡಿಗೆ ₹7,500ವರೆಗೆ ಇದ್ದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5 ಪ್ರತಿಶತ. ಅದು ಕೇಂದ್ರಕ್ಕೂ ರಾಜ್ಯಕ್ಕೂ ಹೋಗುತ್ತದೆ. ಕಸ ಎತ್ತುವುದು, ಗಟಾರ ಬಳಿಯುವುದು, ನೀರು ಬಿಡುವುದು, ಬೀದಿದೀಪ ಹಾಕುವುದು ಮಾತ್ರ ಸ್ಥಳೀಯರ ಹೆಗಲಿಗೆ. ಅವರ ಕೈಗೆ ಬರುವುದು ಆಸ್ತಿ ತೆರಿಗೆ, ನೀರಿನ ಕರ, ಉದ್ದಿಮೆ ಪರವಾನಗಿ ಶುಲ್ಕ. ಪ್ರವಾಸಿಗಳು ಎರಡು ಪಟ್ಟಾದರೆ ಖರ್ಚು ಅದೇ ತಿಂಗಳು ಏರುತ್ತದೆ, ಆದಾಯ ಏರುವುದು ಹೊಸ ಕಟ್ಟಡ ಎದ್ದು ಅದರ ತೆರಿಗೆ ನಿಗದಿಯಾದ ಮೇಲೆ. ಈ ನಡುವಿನ ಕೊರತೆಯನ್ನು ತುಂಬಲಿಕ್ಕೆ ಪಾರ್ಕಿಂಗ್ ಶುಲ್ಕ ಒಂದೇ ಕೈಗೆಟಕುವ ದಾರಿ. ಅದನ್ನು ಆ ಜಾಗದ ಶೌಚಾಲಯಕ್ಕೇ ಖರ್ಚು ಮಾಡುತ್ತೇವೆ ಅಂತ ಬೋರ್ಡು ಹಾಕಿದರೆ ಕೊಡುವವರು ತಕರಾರು ಮಾಡುವುದಿಲ್ಲ.

ಸಣ್ಣ ಬಂಡವಾಳದವರು ಒಬ್ಬೊಬ್ಬರೇ ಇದಕ್ಕೆ ಇಳಿದರೆ ಬುಕಿಂಗ್ ಕಂಪನಿಗಳ ಕಮಿಷನ್ನು ತಿಂದುಹಾಕುತ್ತದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮಾದರಿಯಾದ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ ಕಣಗಿನಹಾಳ ಗದಗದ ಮಗ್ಗುಲಲ್ಲೇ ಇದೆ. ಹೋಂಸ್ಟೇ ಮನೆಗಳು, ಮಾರ್ಗದರ್ಶಿಗಳು, ಟಂಟಂ ಆಟೋ ಚಾಲಕರು, ರೊಟ್ಟಿ ಸಂಘದವರು ಸೇರಿ ಒಂದು ಸಹಕಾರಿ ಸಂಘ, ಒಂದು ಫೋನ್ ನಂಬರು, ಒಂದು ದರಪಟ್ಟಿ ಇಟ್ಟುಕೊಂಡರೆ ಸಾಕು. ಪ್ರಿಂಟಿಂಗ್ ಪ್ರೆಸ್‌ಗಳಿಂದಾಗಿ ಮುದ್ರಣ ಕಾಶಿ ಅನಿಸಿಕೊಂಡ ಊರು ಇದು. ಒಂದೂವರೆ ದಿನದ ದಾರಿ, ಬಸ್ಸಿನ ವೇಳೆ, ಗುಡಿಯ ವೇಳೆ, ದರಪಟ್ಟಿ ಅಚ್ಚಾದ ಮಡಿಚುವ ಹಾಳೆಯೊಂದು ರೈಲು ನಿಲ್ದಾಣದಲ್ಲೂ ಬಸ್ ನಿಲ್ದಾಣದಲ್ಲೂ ಸಿಗುವುದಕ್ಕೆ ಹೊರಗಿನವರ ನೆರವು ಬೇಕಿಲ್ಲ.

ಎಲ್ಲಕ್ಕೂ ಮೊದಲು ಎಣಿಕೆ ಆಗಬೇಕು. ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ, ವಿದ್ಯಾರ್ಥಿಗಳಿದ್ದಾರೆ. ಸುಮಾರು 400 ಜನರನ್ನು ಕೇಳಿದರೆ ಐದು ಪ್ರತಿಶತ ಆಚೀಚೆಯಲ್ಲಿ ಉತ್ತರ ಸಿಗುತ್ತದೆ. ಆ 400 ಶನಿವಾರ-ಭಾನುವಾರಕ್ಕೇ ಸೀಮಿತವಾಗದೆ ವಾರದ ಏಳೂ ದಿನ, ಬೇಸಿಗೆ ಚಳಿಗಾಲ ಎರಡರಲ್ಲೂ ಹಂಚಿರಬೇಕು. ಕೇಳುವುದು ಒಳಗೆ ಬರುವಾಗಲ್ಲ, ಹೊರಡುವಾಗ. ಎಲ್ಲಿಂದ ಬಂದಿರಿ, ಎಷ್ಟು ಹೊತ್ತು ಇದ್ದಿರಿ, ಜಿಲ್ಲೆಯೊಳಗೆ ಎಷ್ಟು ಖರ್ಚಾಯಿತು, ರಾತ್ರಿ ಎಲ್ಲಿ, ಇಲ್ಲಿ ಉಳಿಯದಿದ್ದರೆ ಯಾಕೆ. ಜೊತೆಗೆ ಬಾಡಿಗೆ ಕಾರಿನ ಚಾಲಕನನ್ನು ಬೇರೆ ಕರೆದು ಕೇಳಬೇಕು. ಊಟಕ್ಕೆ ಎಲ್ಲಿ ನಿಲ್ಲಿಸಬೇಕು, ರಾತ್ರಿ ಯಾವ ಊರು ಅನ್ನುವುದನ್ನು ಅರ್ಧಕ್ಕರ್ಧ ಅವನೇ ತೀರ್ಮಾನಿಸುತ್ತಾನೆ. ತನಗೆ ಮಲಗಲು ಹಾಸಿಗೆ, ಸ್ನಾನಕ್ಕೆ ಬಿಸಿನೀರು, ಕಾರು ನಿಲ್ಲಿಸಲು ಜಾಗ ಇಲ್ಲದ ಲಾಡ್ಜಿನ ಹೆಸರನ್ನು ಅವನು ಅತಿಥಿಗಳ ಮುಂದೆ ಎತ್ತುವುದೇ ಇಲ್ಲ. ನಾಲ್ಕು ಹಾಸಿಗೆಯ ಒಂದು ಚಾಲಕರ ಕೋಣೆಗೆ ತಗಲುವ ವೆಚ್ಚ ಹೆದ್ದಾರಿ ಬದಿಯ ಒಂದು ಜಾಹೀರಾತು ಫಲಕದ ಬಾಡಿಗೆಗಿಂತ ಜಾಸ್ತಿಯಾಗಲಿಕ್ಕಿಲ್ಲ.